ಎರಡನೇ ಸಿಡಿಯ ಸಿನಿಮಾಗಳು

ನನಗೆ ಟಿ.ಬಿ. ಆಗಿದ್ದ ಆ ಚಳಿಗಾಲದಲ್ಲಿ ನಾನು ನೋಡಿದ ಸಿನಿಮಾಗಳಲ್ಲಿ ಒಳ್ಳೆಯವರು ಒಬ್ಬರೂ ಸಾಯುತ್ತಿರಲಿಲ್ಲ. ಸಾಯಬೇಕಾದವರೆಲ್ಲ ಮೊದಲನೇ ಸಿಡಿಯಲ್ಲೇ ಸತ್ತಿರುತ್ತಿದ್ದರು, ಮತ್ತು ಆ ಸಿಡಿ ಹೊಸ್ತಿಲು ದಾಟಲು ನಮ್ಮ ಅವ್ವ ಬಿಡುತ್ತಿರಲಿಲ್ಲ. ಅದು ಹೇಗಾಯಿತೆಂದು ತಿಳಿಯಬೇಕಾದರೆ ಕಾಯಿಲೆಯ ಕತೆ ಮೊದಲು ಹೇಳಬೇಕು. ಕಾಯಿಲೆ ವಾಸಿಯಾಗಿ ಎಷ್ಟೋ ಕಾಲವಾಯಿತು. ಆದರೂ ಬರೆಯುತ್ತಿದ್ದೇನೆ. ಇವತ್ತಿಗೂ ಯಾರದೋ ಮನೆಯ ಹಿಂದಿನ ಖೋಲಿಯಲ್ಲಿ ಯಾರೋ ಒಬ್ಬರು ಬೇರೆ ತಾಟು, ಬೇರೆ ಲೋಟ ಇಟ್ಟುಕೊಂಡು ಒಬ್ಬರೇ ಕೂತಿರುತ್ತಾರೆ. ಅವರಿಗೆ ಒಂದಿಷ್ಟು ಹೊತ್ತು ಹೋಗಲಿ.

ಗಜೇಂದ್ರಗಡದಲ್ಲಿ ನನ್ನದೊಂದು ಟಿವಿ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಊರಿಗೆಲ್ಲ ಸಿಡಿ ಪ್ಲೇಯರ್ ಬಂದಿದ್ದ ಕಾಲ ಅದು, ಕೈತುಂಬ ಕೆಲಸ. ಶ್ರಾವಣದಲ್ಲಿ ಹಿಡಿದ ಕೆಮ್ಮು ದಸರಾ ಬಂದರೂ ಬಿಡಲಿಲ್ಲ. ಬೆಸುಗೆ ಹಾಕುವಾಗ ಏಳುವ ಹೊಗೆಯದೇ ಕಾಟ ಎಂದು ನಾನು ಅಂದುಕೊಂಡಿದ್ದೆ. ಅವ್ವ ಅಜಿವಾನದ ಕಷಾಯ ಕಾಸಿದಳು, ಅಂಗಡಿಗೆ ಬಂದವರು ತಲೆಗೊಂದು ಔಷಧ ಹೇಳಿದರು, ನಾನು ಎಲ್ಲವನ್ನೂ ಕುಡಿದೆ. ಅಂಗಿ ಸಡಿಲಾಗುತ್ತ ಬಂತು. ಒಂದು ಸಂಜೆ ಕರವಸ್ತ್ರದಲ್ಲಿ ಕೆಂಪು ಎಳೆಯೊಂದು ಕಂಡಿತು. ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟೆ. ಆದರೆ ಮನೆಯಲ್ಲಿ ಅಂಗಿ ಒಗೆಯುವವಳು ನನ್ನ ಹೆಂಡತಿ ರೇಣುಕಾ. ಮರುದಿನ ಬೆಳಿಗ್ಗೆ ಆಕೆ ಅಂಗಡಿಯ ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಂಗಡಿ ಇವತ್ತ ಬಂದ್. ರೋಣಕ್ಕ ನಡೀರಿ," ಎಂದಳು.

ಆಗ ಆಕೆಗೆ ಐದು ತಿಂಗಳು ತುಂಬಿತ್ತು. ಚೊಚ್ಚಲ ಬಸುರಿ. ಬರಬೇಡ ಎಂದರೆ ಕೇಳುವವಳಲ್ಲ.

ರೋಣದ ದವಾಖಾನೆಯ ಬೆಂಚಿನ ಮೇಲೆ ನಾನು ಮೊದಲ ಸಲ ಹೆದರಿದೆ. ಕೆಮ್ಮುವವರೆಲ್ಲ ಒಂದು ಕಡೆ ಕೂತಿದ್ದರು. ಒಬ್ಬ ಕೆಮ್ಮಲು ಶುರು ಮಾಡಿದರೆ ಉಳಿದವರಿಗೂ ಕೆಮ್ಮು ಬರುತ್ತಿತ್ತು. ನನ್ನ ಪಕ್ಕದಲ್ಲಿದ್ದ ಮುದುಕಿ, ಸಂತೆಗೆ ಬಂದವಳಂತೆ ಚೀಲ ಬಿಚ್ಚಿ ನನಗೂ ಒಂದು ಹಿಡಿ ಪುಠಾಣಿ ಕೊಟ್ಟಳು. "ತಿನ್ನೋ ಯಪ್ಪಾ, ಇಲ್ಲಿ ಲಗೂ ಕರಿಯಂಗಿಲ್ಲ," ಎಂದಳು. ಕಫ ಕೊಟ್ಟು ಬಂದು, ಮತ್ತೊಂದು ದಿನ ಬಂದು ಕೊಟ್ಟು, ಕೊನೆಗೆ ಡಾಕ್ಟರ ಮುಂದೆ ಕೂತಾಗ ಅವರು ಕಾಗದ ನೋಡಿ ತಲೆಯೆತ್ತಿದರು. ನನ್ನನ್ನಲ್ಲ, ಮೊದಲು ರೇಣುಕಾಳ ಹೊಟ್ಟೆಯನ್ನು ನೋಡಿದರು.

"ಟೀಬಿ ಐತಿ. ಆರು ತಿಂಗಳ ಗುಳಿಗಿ ತೊಗೊಂಡ್ರ ಆರಾಮ ಆಗತೈತಿ, ಅದಕ್ಕ ಹೆದರಬ್ಯಾಡ್ರಿ," ಎಂದರು. "ಆದ್ರ ಸದ್ಯಕ್ಕ ನೀವು ಇವರಿಂದ ದೂರ ಇರಬೇಕು. ಕೂಸು ಬರೂದ್ರಾಗ ನಿಮ್ಮ ಕಫ ಸ್ವಚ್ಛ ಆತಂದ್ರ ಖುಷಿಲೆ ಎತ್ತಿಕೊಳ್ರಿ."

"ಆಗಲಿಲ್ಲಂದ್ರ ಸಾಹೇಬ್ರ?" ಎಂದೆ.

"ಗುಳಿಗಿ ತಪ್ಪಿಸಬ್ಯಾಡ್ರಿ," ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ರೇಣುಕಾ ತನ್ನ ಪಕ್ಕದ ಸೀಟನ್ನು ತಟ್ಟಿ ತೋರಿಸಿದಳು. ನಾನು ಕರವಸ್ತ್ರ ಬಾಯಿಗೆ ಹಿಡಿದು ಬಾಗಿಲ ಹತ್ತಿರವೇ ನಿಂತೆ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಬಸ್ಸಿನಲ್ಲಿ ಜೋಡಿಯಾಗಿ ಕೂಡಲು ನನಗೆ ನಾಚಿಕೆ ಹೋಗಿರಲಿಲ್ಲ. ಅವತ್ತು ಮಾತ್ರ ಕೂಡಬೇಕೆಂದು ಜೀವ ಹಾತೊರೆಯಿತು.

ಅವ್ವ ಅಳಲಿಲ್ಲ. ಸೀರೆಯ ಸೆರಗು ಸಿಕ್ಕಿಸಿ ಹಿಂದಿನ ಖೋಲಿಯಲ್ಲಿದ್ದ ಶೇಂಗಾದ ಚೀಲಗಳನ್ನು ಹೊರಗೆ ಎಳೆದಳು. ಆ ಖೋಲಿಗೆ ಹಿತ್ತಲ ಕಡೆ ಒಂದು ಬಾಗಿಲು, ಮೇಲೆ ಮಣ್ಣಿನ ಮಾಳಿಗೆಯ ನಡುವೆ ಒಂದು ದೊಡ್ಡ ಬೆಳಕಿಂಡಿ. ಕಿಟಕಿ ಇಲ್ಲ. ಗಾಳಿ ಆಡಬೇಕೆಂದು ಡಾಕ್ಟರು ಹೇಳಿದ್ದರಿಂದ ಬೆಳಕಿಂಡಿಯ ಮೇಲೆ ಮುಚ್ಚಿದ್ದ ತಗಡನ್ನು ಅವ್ವನೇ ಹತ್ತಿ ಸರಿಸಿದಳು. ಕೆಳಗೊಂದು ಮಂಚ ಹಾಕಿ, ಹಾಸಲೊಂದು ಹೊದೆಯಲೊಂದು ತಾನು ಹೊಲಿದ ಕೌದಿ ಇಟ್ಟಳು. ನನ್ನ ತಾಟಿಗೆ ಮೊಳೆಯಿಂದ ಗೀರಿ ಗುರುತು ಮಾಡಿದಳು. ಆಮೇಲೆ ಸೊಸೆಯನ್ನು ಕರೆದು, "ನೀ ಈ ಕಡಿ ಹಾಯಬ್ಯಾಡ ಯವ್ವಾ. ಊಟ, ನೀರು ಎಲ್ಲಾ ನಾ ನೋಡಿಕೋತೀನಿ," ಎಂದಳು.

ಸುದ್ದಿ ತಿಳಿದು ಸೂಡಿಯಿಂದ ರೇಣುಕಾಳ ಅಣ್ಣ ಬೈಕು ಹತ್ತಿ ಬಂದ. ಬಾಗಿಲ ಹಿಂದೆ ಕೂತು ನಾನು ಎಲ್ಲ ಕೇಳಿಸಿಕೊಂಡೆ.

"ಈಗ ನಡಿ. ಹೆಂಗೂ ಏಳನೇ ತಿಂಗಳದಾಗ ಕುಬಸದ ಆರತಿ ಆದಮ್ಯಾಲ ತವರಮನಿಗೆ ಬರಾಕಿನ, ಎರಡು ತಿಂಗಳ ಮೊದಲ ಬಂದ್ರ ಏನಾತು?" ಎಂದ ಅವನು.

"ಕುಬಸ ಆಗೂತನಾ ನಾ ಇಲ್ಲೇ ಇರಾಕಿ ಅಣ್ಣಾ. ನಾ ಹ್ವಾದ್ರ ಇವರು ಗುಳಿಗಿ ನುಂಗಿದ್ರೋ ಇಲ್ಲೋ ಅಂತ ಅಲ್ಲಿ ಕುಂತು ಒದ್ದಾಡೂದಾ?"

ಅವನು ಚಹಾ ಕುಡಿದು ಒಬ್ಬನೇ ಹೋದ. ನನಗೆ ಸಮಾಧಾನವೂ ಆಯಿತು, ಹೆದರಿಕೆಯೂ ಆಯಿತು. ಆಕೆ ಹೋಗಿದ್ದರೇ ಒಳ್ಳೆಯದಿತ್ತೆಂದು ಅನಿಸಿತು, ಹೋಗಲಿಲ್ಲವಲ್ಲ ಎಂದು ಕಣ್ಣಲ್ಲಿ ನೀರೂ ಬಂತು.

ಗುಳಿಗೆ ಶುರುವಾದ ಮರುದಿನ ಮೂತ್ರ ಕೆಂಪಗೆ ಹೋಗಿ, ನನ್ನ ಕತೆ ಮುಗಿಯಿತೆಂದು ಹಿತ್ತಲಲ್ಲೇ ಕುಸಿದು ಕೂತೆ. ಗುಳಿಗೆ ನುಂಗಿಸಲು ಮನೆಗೆ ಬರುತ್ತಿದ್ದ ದವಾಖಾನೆಯ ಸಿಸ್ಟರ್ ಬಿದ್ದು ಬಿದ್ದು ನಕ್ಕರು. "ಅದು ಗುಳಿಗಿ ಬಣ್ಣರೀ ಈರಣ್ಣ. ನಿನ್ನೆ ಹೇಳೂದು ಮರತಿದ್ನಿ," ಎಂದರು. ಯಾರಿಗಾದರೂ ಇದೇ ಗುಳಿಗೆ ಶುರುವಾಗಿದ್ದರೆ ನನ್ನಂತೆ ಹೆದರಬೇಡಿ.

ಇನ್ನು ಸಿನಿಮಾದ ಮಾತು. ಗಿರಾಕಿಯೊಬ್ಬರು ರಿಪೇರಿಗೆ ಕೊಟ್ಟು ಎಷ್ಟೋ ಕಾಲ ತಿರುಗಿ ನೋಡದೆ ಬಿಟ್ಟ ಟಿವಿಯೊಂದು ನನ್ನ ಅಂಗಡಿಯಲ್ಲಿತ್ತು. ಅದನ್ನೂ ಒಂದು ಪ್ಲೇಯರನ್ನೂ ತಂದು ಖೋಲಿಯಲ್ಲಿ ಇಟ್ಟವನು ನನ್ನ ಗೆಳೆಯ ದಾವಲಸಾಬ. ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ಸಿಡಿ ಬಾಡಿಗೆ ಕೊಡುವ ಅಂಗಡಿ. ಆಗ ಒಂದು ಸಿನಿಮಾ ಅರ್ಧರ್ಧವಾಗಿ ಎರಡು ಸಿಡಿಗಳಲ್ಲಿ ಬರುತ್ತಿತ್ತು. ರಿಪೇರಿಯವನಾದ ನಾನು ದಿನಕ್ಕೆ ಹತ್ತಾರು ಸಿನಿಮಾ ಹಾಕುತ್ತಿದ್ದೆ, ಒಂದನ್ನೂ ನೋಡುತ್ತಿರಲಿಲ್ಲ. ಚಿತ್ರ ಬಂತು, ಧ್ವನಿ ಬಂತು, ತೆಗಿ ಅದನ್ನ. ಹಾಗಾಗಿ ನನಗೆ ಇಷ್ಟವೆನಿಸಿದ ಸಿನಿಮಾಗಳೆಲ್ಲ ನನ್ನ ತಲೆಯಲ್ಲಿ ಒಂದೊಂದು ತುಣುಕಾಗಿ ಉಳಿದಿದ್ದವು. ಒಂದರಲ್ಲಿ ಕುದುರೆಯ ಮೇಲೆ ಬರುವ ಡಾಕು, ಒಂದರಲ್ಲಿ ರೈಲಿನ ಮೇಲೆ ಬಡಿದಾಟ, ಮತ್ತೊಂದರಲ್ಲಿ ಅಣ್ಣ ತಮ್ಮ ಒಬ್ಬರನ್ನೊಬ್ಬರು ಗುರುತಿಸದೆ ಒಂದೇ ಚಹಾದಂಗಡಿಯಲ್ಲಿ ಕೂತಿರುವುದು. ಈಗ ಅವನ್ನೆಲ್ಲ ಪೂರ್ತಿ ನೋಡಿಬಿಡುತ್ತೇನೆಂದು ಹುರುಪಿನಿಂದ ಹೇಳಿ ತರಿಸಿದೆ.

ದಾವಲಸಾಬ ಒಂದು ಚೀಲ ತಂದ. ಆದರೆ ಹಿತ್ತಲ ಬಾಗಿಲಲ್ಲಿ ಅವ್ವ ಕೂತಿದ್ದಳು.

"ಟಿವಿ ಸಪ್ಪಳ ಮನಿ ತುಂಬ ಕೇಳತೈತಿ. ಬಸುರಿ ಹೆಣ್ಣಮಗಳದಾಳ ಒಳಗ. ಇದರಾಗ ಯಾರರೆ ಸಾಯತಾರೇನು?" ಎಂದು ಮೊದಲನೇ ಡಬ್ಬಿ ಎತ್ತಿದಳು.

ದಾವಲಸಾಬನಿಗೆ ಸುಳ್ಳು ಬರುವುದಿಲ್ಲ. "ತಾಯಿ ಸಾಯತಾಳ ಬೇ. ಭಾಳ ಚಲೋ ಸಾಯತಾಳ," ಎಂದ.

"ಇಡು ಆ ಕಡಿ. ಇದರಾಗ?"

"ತಂದಿ."

"ಇದು?"

"ಇದರಾಗ ಯಾರೂ ಸಾಯಂಗಿಲ್ಲ ಬೇ. ಹಾವು ಐತಿ."

ಬಸುರಿಯ ಕಿವಿಗೆ ಹಾವಿನ ಬುಸ್ಸೆನ್ನುವ ಸಪ್ಪಳವೂ ಬೀಳಬಾರದು, ಹೆಣದ ಮುಂದಿನ ಅಳುವೂ ಬೀಳಬಾರದು. ಇದು ಅವ್ವನ ಕಾಯಿದೆ. ನನ್ನ ಇಷ್ಟದ ಸಿನಿಮಾಗಳಲ್ಲಿ ಅದೆಷ್ಟು ಹೆಣಗಳಿದ್ದವೆಂದು ನನಗೆ ಗೊತ್ತಾದದ್ದೇ ಅವತ್ತು. ಚೀಲ ಬರಿದಾಗುತ್ತ ಬಂತು. ದಾವಲಸಾಬ ಗಡ್ಡ ಕೆರೆದುಕೊಂಡು ಸ್ವಲ್ಪ ಯೋಚಿಸಿ ಹೇಳಿದ: "ಬೇ, ಖರೇ ಹೇಳಬೇಕಂದ್ರ ಸಾಯೂದು, ಅಳೂದು ಎಲ್ಲಾ ಮೊದಲನೇ ಸಿಡ್ಯಾಗ ಮುಗೀತೈತಿ. ಎರಡನೇದ್ರಾಗ ಎಲ್ಲಾರೂ ಕೂಡತಾರ. ಬರೇ ಖಳನಾಯಕ ಸಾಯತಾನ."

ಅವ್ವ ಯೋಚಿಸಿದಳು. "ಅಂವ ಸಾಯಲಿ. ಅಂವೇನು ನಮ್ಮಾವಲ್ಲ," ಎಂದಳು.

ಹೀಗೆ ನಮ್ಮ ಮನೆಗೆ ಎರಡನೇ ಸಿಡಿಗಳು ಮಾತ್ರ ಬರತೊಡಗಿದವು.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಬೆಳಕಿಂಡಿಯಿಂದ ಮಾತು ಕೇಳಿತು. "ಏನ್ರಿ, ಮಕ್ಕೊಂಡೀರೇನು?" ಮೆಣಸಿನಕಾಯಿ ಒಣಹಾಕುವ ನೆವ ಮಾಡಿ ರೇಣುಕಾ ಅಂಗಳದ ಕಲ್ಲಿನ ಮೆಟ್ಟಿಲು ಹತ್ತಿ ಬಂದು ಕಿಂಡಿಯಲ್ಲಿ ಬಗ್ಗಿದ್ದಳು. ಆಕಾಶದ ನಡುವೆ ಆಕೆಯ ಮುಖ. ನಾನು ಎದ್ದು ಕೂತೆ. ಏನು ಮಾತಾಡಬೇಕೋ ತಿಳಿಯದೆ, "ಮೆಣಸಿನಕಾಯಿ ಚಲೋ ಅದಾವಿಲ್ಲೋ?" ಎಂದು ಕೇಳಿದೆ.

ಈ ಭೇಟಿ ಬಹಳ ದಿನ ನಡೆಯಲಿಲ್ಲ. ಗುಳಿಗೆ ಕೊಡಲು ಬಂದ ಸಿಸ್ಟರ್ ಒಮ್ಮೆ ತಲೆಯೆತ್ತಿ ನೋಡಿಬಿಟ್ಟರು. "ಯವ್ವಾ ತಾಯಿ, ಒಳಗಿನ ಗಾಳಿ ಹೊರಗ ಹೋಗೂದ ಅದರಾಗಿಂದ! ಅದರ ಬಾಯಿಗೆ ಮುಖ ಹಿಡದು ಕುಂತೀಯಲ್ಲ!" ಎಂದು ಬೈದರು. ಸಂಜೆ ಅವ್ವ ಸುಣ್ಣದ ತಂಬಿಗೆ ಹಿಡಿದು ಮಾಳಿಗೆ ಹತ್ತಿದಳು. ಬೆಳಕಿಂಡಿಯ ಸುತ್ತ ದೂರದಲ್ಲಿ ದುಂಡಗೆ ಒಂದು ಗೆರೆ ಎಳೆದು, ಗೆರೆಯ ಆಚೆ ಕೂಡಲು ಒಂದು ಮಣೆ ಹಾಕಿದಳು. "ಇಲ್ಲಿಂದ ಕುಂತು ಟಿವಿ ನೋಡು, ಮಾತಾಡು. ಗೆರಿ ದಾಟಿದಿ ಅಂದ್ರ ನಾಳೆನ ಸೂಡಿಗೆ ಕಳಸ್ತೀನಿ," ಎಂದಳು. ನಮ್ಮ ಅವ್ವ ಬೈಯುತ್ತಲೇ ಕರುಣೆ ತೋರಿಸುವವಳು.

ಅಲ್ಲಿಂದ ನನಗೆ ಸಿನಿಮಾ ಆರಿಸುವುದೇ ದೊಡ್ಡ ಕೆಲಸವಾಯಿತು. ಗೆರೆಯ ಆಚೆ ಕೂತವಳ ಮುಖ ನನಗೆ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ. ಆದರೆ ಆಕೆ ನೋಡುತ್ತಿದ್ದಾಳೆಂದು ಗೊತ್ತಿತ್ತಲ್ಲ, ಡಾಕು, ರೈಲು, ಬಡಿದಾಟ ಎಲ್ಲ ಬಿಟ್ಟೆ. ಒಳ್ಳೆಯ ಸೀರೆ, ಹೂವಿನ ತೋಟ, ಮದುವೆಮನೆ ಇರುವ ಸಿನಿಮಾಗಳನ್ನೇ ಹೇಳಿ ತರಿಸತೊಡಗಿದೆ. ಮೇಲಿನಿಂದ ಚೆನ್ನಾಗಿ ಕಾಣಲೆಂದು ಬಣ್ಣ ಜಾಸ್ತಿ ಮಾಡಿದೆ. ಟಿವಿಯ ಮುಂಗಾಲಿನ ಕೆಳಗೆ ಇಟ್ಟಿಗೆ ಚೂರು ಕೊಟ್ಟು ಅದರ ಮುಖವನ್ನು ಮೇಲಕ್ಕೆ ಓರೆ ಮಾಡಿದೆ. ಮಂಚದಲ್ಲಿ ಮಲಗಿದ ನನಗೆ ಚಿತ್ರ ಮಂಕಾಗಿ ಕಾಣುತ್ತಿತ್ತು. ಇರಲಿ, ಆಕೆ ನೋಡಲಿ ಎಂದು ಸುಮ್ಮನಿದ್ದೆ.

"ಯಾವ ಗಿರಾಕಿನೂ ಹಿಂಗ ಕೇಳಿಲ್ಲ ದೋಸ್ತ," ಎನ್ನುತ್ತಿದ್ದ ದಾವಲಸಾಬ ಹಿತ್ತಲ ಕಲ್ಲಿನ ಮೇಲೆ ಕೂತು. "ಎರಡನೇ ಸಿಡಿ ಬೇಕು, ಅದರಾಗ ಸೀರಿ ಚಲೋ ಇರಬೇಕು!" ಊರಲ್ಲಿ ಎಷ್ಟೋ ಜನ ನಮ್ಮ ಓಣಿ ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದ ಕಾಲ ಅದು. ಅವನು ಮಾತ್ರ ದಿನವೂ ಬಂದು ಕೂಡುತ್ತಿದ್ದ. ಅವನ ಋಣ ನಾನು ಮರೆಯುವುದಿಲ್ಲ.

ಸಿನಿಮಾ ಅರ್ಧದಿಂದ ಶುರುವಾಗುತ್ತಿದ್ದುದರಿಂದ ಮೊದಲರ್ಧ ಕಟ್ಟುವ ಕೆಲಸ ರೇಣುಕಾಳದು. ಕರೆಂಟು ಹೋದಾಗ ಮೇಲಿನಿಂದ ಹೇಳುತ್ತಿದ್ದಳು. ನಾಯಕ ಯಾಕೆ ಜೈಲಿನಲ್ಲಿದ್ದಾನೆ ಎಂದು ನಾನು ಕೇಳಿದರೆ, "ಅಕ್ಕನ ಮದುವ್ಯಾಗ ಉಪ್ಪಿಟ್ಟಿಗೆ ಉಪ್ಪು ಹಾಕೂದು ಮರತಿದ್ದಾ. ಬೀಗರು ಸುಮ್ನ ಬಿಡತಾರೇನು?" ಎನ್ನುತ್ತಿದ್ದಳು. ನಾನು ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ಬಂದಾಗ ಆಕೆ ಮಾತು ನಿಲ್ಲಿಸಿ, ಅದು ಪೂರ್ತಿ ನಿಂತ ಮೇಲೆಯೇ ಕತೆ ಮುಂದುವರಿಸುತ್ತಿದ್ದಳು.

ಒಮ್ಮೊಮ್ಮೆ ತಪ್ಪು ಹೇಳುತ್ತಿದ್ದಳು. ಕೆಂಪು ಸೀರೆಯ ನಾಯಕಿಯನ್ನು, "ಆ ಹಸರ ಸೀರಿ ಎಷ್ಟ ಒಪ್ಪತೈತಿ ಆಕಿಗೆ," ಎನ್ನುವಳು. ಮೀಸೆ ಇಲ್ಲದ ನಾಯಕನಿಗೆ ಮೀಸೆ ಹಚ್ಚುವಳು. ಮೇಲಿನಿಂದ, ಅಷ್ಟು ದೂರದಿಂದ ನೋಡಿದರೆ ಹಾಗೇ ಕಾಣಬಹುದು, ಪಾಪ ಎಂದುಕೊಂಡು ಬಣ್ಣವನ್ನು ಇನ್ನಷ್ಟು ಏರಿಸಿದೆ. ಮದುವೆಯ ಹಾಡು ರಂಗೇರಿದಾಗಲೇ ಆಕೆ, "ಕೌದಿ ಯಾಕ ಸರಿಸೀರಿ? ಥಂಡಿ ಐತಿ, ಎದಿ ಮ್ಯಾಲ ಎಳಕೋರಿ," ಎಂದು ನಡುವೆ ಬಾಯಿ ಹಾಕುವಳು. ಸಿನಿಮಾ ನೋಡುವಾಗಲೂ ಈ ಹೆಂಗಸರಿಗೆ ಮನೆಯ ಚಿಂತೆ ಬಿಡುವುದಿಲ್ಲ ಎಂದು ನಾನು ಗೊಣಗುತ್ತಿದ್ದೆ.

ಎರಡು ತಿಂಗಳಾದ ಮೇಲೆ ಮತ್ತೆ ಕಫ ಕೊಟ್ಟೆ. ಸ್ವಚ್ಛವಾಗುತ್ತದೆಂದು ನನಗೆ ಖಾತ್ರಿ ಇತ್ತು. ರೊಟ್ಟಿ ಸೇರುತ್ತಿತ್ತು, ಅಂಗಿ ತುಂಬುತ್ತಿತ್ತು. ಕುಬಸದ ದಿನ ರೇಣುಕಾಳ ಪಕ್ಕದಲ್ಲಿ ಮಣೆಯ ಮೇಲೆ ಕೂತು ಆರತಿ ಮಾಡಿಸಿಕೊಳ್ಳಬೇಕೆಂದು ಹೊಸ ಅಂಗಿ ಕೂಡ ಒಗೆಸಿ ಇಟ್ಟಿದ್ದೆ. ಸಿಸ್ಟರ್ ಬಂದು ಬಾಗಿಲಲ್ಲೇ ನಿಂತರು. "ಇನ್ನೂ ಚೂರು ಉಳದೈತ್ರಿ. ಒಂದು ತಿಂಗಳು ಇದ ಗುಳಿಗಿ ಮುಂದುವರಸೂಣು. ಹಿಂಗ ಭಾಳ ಮಂದಿಗೆ ಆಗತೈತಿ," ಎಂದರು.

ಕುಬಸದ ದಿನ ಹೆಂಗಸರು ಸೋಬಾನೆ ಹೇಳುವುದನ್ನು ಹಿಂದಿನ ಖೋಲಿಯಲ್ಲಿ ಕೂತು ಕೇಳಿದೆ. ಹೋಳಿಗೆಯ ವಾಸನೆ ಬಂತು. ಹೊರಡುವ ಮೊದಲು ಮೆಟ್ಟಿಲು ಹತ್ತುವ ಸಪ್ಪಳ, ಹಿಂದೆಯೇ "ಏ ಹುಡುಗೀ, ಸಾವಕಾಶ" ಎಂದು ಹಿರಿಯರು ಕೂಗುವುದು ಕೇಳಿತು.

"ಹಸರ ಸೀರಿ ಉಟ್ಟೀನ್ರಿ," ಎಂದಳು ಮೇಲಿನಿಂದ.

"ನಂಗ ಕಾಣಂಗಿಲ್ಲಲ್ಲ."

ಬಳೆಗಳನ್ನು ಝಲ್ ಎಂದು ಅಲುಗಿಸಿದಳು. "ಇದು ಕೇಳತೈತಿಲ್ಲೋ? ಹಸರ ಬಳಿ. ಗುಳಿಗಿ ತಪ್ಪಿಸಬ್ಯಾಡ್ರಿ. ಕೂಸು ಬರೂದ್ರಾಗ ಆರಾಮ ಆಗಬೇಕು ನೀವು."

ಆಕೆ ಸೂಡಿಗೆ ಹೋದ ಮೇಲೆ ಬೆಳಕಿಂಡಿಯಲ್ಲಿ ಬರೀ ಆಕಾಶ. ಈಗಲಾದರೂ ಸಿನಿಮಾ ಪೂರ್ತಿ ನೋಡೋಣವೆಂದು ಅವ್ವನ ಕಣ್ಣು ತಪ್ಪಿಸಿ ಒಂದು ಮೊದಲನೇ ಸಿಡಿ ತರಿಸಿದೆ. ಅದರಲ್ಲಿ ಕೂಸಿನ ತಂದೆ ಸಾಯುತ್ತಾನೆ. ಕೂಸಿನ ಮುಖ ನೋಡದೆಯೇ ಸಾಯುತ್ತಾನೆ. ನಾನು ಕೌದಿಯಲ್ಲಿ ಮುಖ ಹುದುಗಿಸಿ ಅತ್ತೆ. ಅಷ್ಟು ದಿನ ತಡೆದಿಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಬಾಗಿಲ ಆಚೆ ಜೋಳ ಹಸನು ಮಾಡುತ್ತಿದ್ದ ಅವ್ವನ ಕೈ ನಿಂತಿತು. "ಆರಿಸು ಅದನ್ನ," ಎಂದಳು. ಬೈಯಲಿಲ್ಲ. ಆರಿಸಿದ ಮೇಲೆ, "ಯಪ್ಪಾ, ನಾನೂ ಇಲ್ಲೇ ಅದೀನಿ," ಎಂದು ಮತ್ತೆ ಮೊರ ಹಿಡಿದು ಜೋಳ ಕೇರತೊಡಗಿದಳು. ಮೊದಲನೇ ಸಿಡಿ ನಾನು ಮತ್ತೆ ತರಿಸಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಸಿಸ್ಟರ್ ಹಿತ್ತಲಿನಿಂದಲೇ ಕೂಗುತ್ತ ಬಂದರು. "ಈರಣ್ಣಾ, ಸ್ವಚ್ಛ ಐತ್ರೀ!" ಗುಳಿಗೆ ಇನ್ನೂ ಕೆಲವು ತಿಂಗಳು ನುಂಗುವುದಿತ್ತು, ಆದರೆ ಬಾಗಿಲು ತೆರೆಯಿತು. ಅವ್ವ ಗೀರಿನ ತಾಟನ್ನು ಉಳಿದ ತಾಟುಗಳ ನಡುವೆ ಸೇರಿಸಿ ತೊಳೆದಳು. ಶಿವರಾತ್ರಿಯ ಹೊತ್ತಿಗೆ ಮಗಳು ಹುಟ್ಟಿದಳು. ರೋಣದ ದವಾಖಾನೆಗೆ ಓಡಿದೆ. ಮೊಣಕೈವರೆಗೆ ತೊಳೆದುಕೊಂಡು ಕೂಸನ್ನು ಎತ್ತಿಕೊಂಡರೂ ಹೆದರಿಕೆ ಹೋಗಿರಲಿಲ್ಲ. ಉಸಿರು ಬಿಗಿಹಿಡಿದು ಮುಖ ಗೋಡೆಯ ಕಡೆ ತಿರುಗಿಸಿ ನಿಂತೆ.

"ಸಿಸ್ಟರು ಹೇಳ್ಯಾರಿಲ್ಲೋ? ಈ ಕಡಿ ತಿರುಗ್ರಿ," ಎಂದಳು ರೇಣುಕಾ. "ಆಕಿ ನಿಮ್ಮ ಮುಖ ನೋಡಬ್ಯಾಡೇನು?"

ತಿರುಗಿದೆ. ಕೂಸು ಕಣ್ಣು ತೆರೆಯಲಿಲ್ಲ, ಆಕಳಿಸಿತು. ಅದೇ ಸಾಕಾಯಿತು ನನಗೆ.

ಬೇಸಿಗೆಯಲ್ಲಿ ತಾಯಿ ಮಗಳು ಮನೆಗೆ ಬಂದರು. ಗುಳಿಗೆಯೂ ಮುಗಿದಿತ್ತು. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಬೇಕೆಂದು ಒಂದು ಮಧ್ಯಾಹ್ನ ಹತ್ತಿದೆ. ಅಷ್ಟು ಮೆಟ್ಟಿಲು ಹತ್ತಿಯೂ ಏದುಸಿರು ಬರಲಿಲ್ಲವೆಂದು ಖುಷಿಯಾಯಿತು. ಸುಣ್ಣದ ಗೆರೆ ಮಸುಕಾಗಿ ಇನ್ನೂ ಕಾಣುತ್ತಿತ್ತು. ಗೆರೆಯ ಒಂದು ಕಡೆ ಹಿತ್ತಲ ಬೇವಿನ ಮರದ ತಣ್ಣನೆಯ ನೆರಳು. ಆದರೆ ಮಣೆ ಇದ್ದದ್ದು ಅದರ ಎದುರು ಕಡೆಗೆ, ಸುಡುವ ಬಿಸಿಲಿನಲ್ಲಿ.

"ಅವ್ವಾ, ಮಣಿ ಬಿಸಲಾಗ ಹಾಕಿದ್ದೇನು?" ಎಂದು ಕೆಳಗೆ ಕೂಗಿದೆ.

"ನಾ ಬೇವಿನ ನೆಳ್ಳಾಗ ಹಾಕಿದ್ನೆಪಾ," ಎಂದಳು ಅಂಗಳದಿಂದ. "ನಿನ್ನ ಹೇಣ್ತಿನ ಆ ಕಡಿ ಎಳಕೊಂಡ್ಲು. ಎಷ್ಟ ಬೈದ್ರೂ ಕೇಳಲಿಲ್ಲ."

ಮೊದಲು ನೆರಳಿನಲ್ಲಿ ಕೂತು ನೋಡಿದೆ. ಬೆಳಕಿಂಡಿಯೊಳಗೆ ಟಿವಿ ಪೂರ್ತಿ ಕಾಣುತ್ತಿತ್ತು. ಕೆಳಗಿಟ್ಟ ಇಟ್ಟಿಗೆ ಚೂರು ಕೂಡ. ಆಮೇಲೆ ಎದುರಿಗೆ ಹೋಗಿ ಕಾದ ಮಣೆಯ ಮೇಲೆ ಕೂತೆ. ಅಲ್ಲಿಂದ ಟಿವಿ ಇಲ್ಲ, ಸೀರೆ ಇಲ್ಲ, ಹೂವಿನ ತೋಟವಿಲ್ಲ. ದಿಂಬು ಕೂಡ ಕಾಣುವುದಿಲ್ಲ. ಕಾಣುವುದು ಮಂಚದ ನಡುಭಾಗವೊಂದೇ. ಮಲಗಿದವನ ಎದೆ ಇರುವ ಜಾಗ.

ಅಷ್ಟು ದಿನ ಅಲ್ಲಿ ಕೂತು ಆಕೆ ಒಂದು ಸಿನಿಮಾವನ್ನೂ ನೋಡಿರಲಿಲ್ಲ.

ಆ ಹೊತ್ತಿಗೆ ಮಂಚದ ಮೇಲೆ ಅದೇ ಕೌದಿ ಹಾಸಿತ್ತು. ಅದರ ಮೇಲೆ ಮಗಳು ಅಂಗಾತ ಮಲಗಿ ನಿದ್ದೆ ಮಾಡುತ್ತಿದ್ದಳು. ಆಕೆಯ ಪುಟ್ಟ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಬಿಸಿಲು ನೆತ್ತಿ ಸುಡುತ್ತಿದ್ದರೂ ನನಗೆ ಏಳಲು ಆಗಲಿಲ್ಲ.

"ಏನ್ರಿ, ಮಣ್ಣ ಹಾಕೂದು ಬಿಟ್ಟು ಮ್ಯಾಲೇನ ಮಾಡಾಕತ್ತೀರಿ?" ಖೋಲಿಯೊಳಗಿನಿಂದ ರೇಣುಕಾ ಕೇಳಿದಳು.

"ಸಿನಿಮಾ ನೋಡಾಕತ್ತೀನಿ," ಎಂದೆ.

ಟಿವಿ ಆರಿತ್ತು. ಕೆಳಗೆ ಮಗಳ ಎದೆಯ ಮೇಲೆ ಬಳೆಯ ಕೈಯೊಂದು ಬಂದು ಕೂತಿತು. ಆಮೇಲೆ ಆಕೆ, "ಗೆರಿ ದಾಟಬ್ಯಾಡ್ರಿ ಮತ್ತ," ಎಂದಳು.